ಚಂಡೆಯ ಪಕ್ಕದ ಕಿವಿ

ಕೇಳುಗರಿಗೆ ನಮಸ್ಕಾರ. ನಾನು ಶಿರಸಿಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯ. ಇವತ್ತಿನ ಮಾತು ಎಲ್ಲರಿಗೂ ಸಲ್ಲುವಂಥದ್ದೇ ಆದರೂ ಇದನ್ನು ಸಿದ್ಧಪಡಿಸುವಾಗ ನನ್ನ ಕಣ್ಣೆದುರಿಗಿದ್ದವರು ನಮ್ಮ ಜಿಲ್ಲೆಯ ಯಕ್ಷಗಾನದ ಹಿಮ್ಮೇಳದವರು, ಅಂದರೆ ಚಂಡೆ, ಮದ್ದಲೆ ನುಡಿಸುವವರು ಮತ್ತು ಭಾಗವತರು. ಅವರ ಜೊತೆಗೆ ಬೇಡರ ವೇಷದ ತಂಡಗಳ ತಮಟೆಯವರು, ಕರಾವಳಿಯ ಪಂಚವಾದ್ಯದವರು. ಆಟ ಮುಗಿಸಿ ಮನೆಗೆ ಬಂದು ಮಲಗಿದಾಗ ನಿಮ್ಮ ಕಿವಿಯೊಳಗೆ ಗುಂಯ್ ಎಂಬ ಒಂದು ಸದ್ದು ಉಳಿದಿರುತ್ತದೆ. ನಿದ್ದೆಗೆಟ್ಟದ್ದರಿಂದ, ಪಿತ್ತದಿಂದ, ಉಷ್ಣದಿಂದ ಹೀಗಾಗಿದೆ ಎಂದು ನೀವು ಹೇಳುತ್ತೀರಿ. ಅದು ಪಿತ್ತವಲ್ಲ, ಗಾಯ.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ, ಬಟಾಣಿ ಕಾಳಿನಷ್ಟು ದೊಡ್ಡ ಒಂದು ಅಂಗವಿದೆ. ಅದರೊಳಗೆ ಹುಟ್ಟುವಾಗಲೇ ಸುಮಾರು 15,000 ರೋಮಕೋಶಗಳಿರುತ್ತವೆ. ಗಾಳಿ ಬೀಸಿದಾಗ ಗದ್ದೆಯ ಪೈರು ಬಾಗಿ ಏಳುವಂತೆ ಇವು ಸದ್ದಿಗೆ ಬಾಗಿ ಎದ್ದು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಬಿರುಗಾಳಿಗೆ ಮಲಗಿದ ಪೈರು ಒಮ್ಮೊಮ್ಮೆ ಎದ್ದುಕೊಳ್ಳುತ್ತದೆ, ಮತ್ತೆ ಮತ್ತೆ ಬಡಿದರೆ ಏಳುವುದಿಲ್ಲ. ಚರ್ಮ ಮತ್ತೆ ಬೆಳೆಯುತ್ತದೆ, ಮುರಿದ ಎಲುಬು ಕೂಡಿಕೊಳ್ಳುತ್ತದೆ. ಸತ್ತ ರೋಮಕೋಶ ಮಾತ್ರ ಮನುಷ್ಯರಲ್ಲಿ ಮರಳಿ ಹುಟ್ಟುವುದಿಲ್ಲ. ದಯವಿಟ್ಟು ಈ ಒಂದು ಮಾತನ್ನು ನೆನಪಿಡಿ, ನಾನು ಇದನ್ನು ಮತ್ತೆ ಹೇಳಲಿದ್ದೇನೆ.

ಹಾಗಾದರೆ ಆ ಗುಂಯ್ ಸದ್ದು ಎಲ್ಲಿಂದ ಬರುತ್ತದೆ? ಘಟ್ಟದ ತಿರುವಿನಲ್ಲಿ ರೇಡಿಯೋ ನಿಲಯ ಸರಿಯಾಗಿ ಸಿಗದಿದ್ದಾಗ ನೀವು ಧ್ವನಿ ಹೆಚ್ಚಿಸುತ್ತೀರಿ, ಆಗ ಹಾಡಿನ ಬದಲು ಬರಿಯ ಗೊರಗೊರ ಜೋರಾಗುತ್ತದೆ. ಮಿದುಳು ಮಾಡುವುದೂ ಅದನ್ನೇ. ಕೆಲವು ಸ್ವರಗಳ ಸುದ್ದಿ ಬರುವುದು ನಿಂತಾಗ ಅದು ತನ್ನ ಒಳಗಿನ ಗುಂಡಿಯನ್ನು ತಿರುಗಿಸಿ ಏರಿಸುತ್ತದೆ. ಅದರಿಂದ ಹುಟ್ಟುವ ಸದ್ದನ್ನೇ ಕಿವಿಮೊರೆತ ಎನ್ನುತ್ತೇವೆ.

ಈ ಸಂಗತಿಯನ್ನು ನನಗೆ ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದವರು ಸಿದ್ದಾಪುರದ ಕಡೆಯ ಒಬ್ಬ ಚಂಡೆವಾದಕರು. ಹೆಸರು ಬೇಡ. ಇಪ್ಪತ್ತೈದು ವರ್ಷ ಬಡಗುತಿಟ್ಟಿನ ಹಿಮ್ಮೇಳದಲ್ಲಿ ದುಡಿದವರು. ಒಂದು ಆಷಾಢದ ರಾತ್ರಿ ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿದ್ದಾಗ ಅವರು ಹೆಂಡತಿಯನ್ನು ಎಬ್ಬಿಸಿ, ತೋಟದಲ್ಲಿ ಜೀರುಂಡೆ ವಿಪರೀತ ಕೂಗುತ್ತಿದೆ, ನಿದ್ದೆ ಬರುತ್ತಿಲ್ಲ ಎಂದರಂತೆ. ಆಕೆ, ‘ಈ ಮಳೇಲಿ ಜೀರುಂಡೆ ಎಲ್ಲಿದ್ದು?’ ಎಂದು ಮಗ್ಗುಲಾದರು. ಇವರಿಗೆ ಸಮಾಧಾನವಾಗಲಿಲ್ಲ. ಕೊಡೆ, ಟಾರ್ಚು ಹಿಡಿದು ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ಓಡಾಡಿ, ಎರಡು ಉಂಬಳ ಕಚ್ಚಿಸಿಕೊಂಡು ವಾಪಸಾದರು. ಮುಂದಿನ ತಿಂಗಳು ಯಾವುದೋ ಕಾರ್ಯಕ್ರಮಕ್ಕೆಂದು ಕಾರವಾರಕ್ಕೆ ಹೋಗಿ ಸಮುದ್ರದ ಹತ್ತಿರದ ವಸತಿಗೃಹದಲ್ಲಿ ಮಲಗಿದಾಗ ಅದೇ ಜೀರುಂಡೆ ಅಲ್ಲಿಗೂ ಬಂದಿತ್ತು. ಆಗಲೇ ಅವರಿಗೆ ಭಯವಾದದ್ದು.

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ಕತೆಯನ್ನು ಹೇಳುತ್ತಿರಲಿಲ್ಲ. ಮಾತನಾಡುತ್ತ ಹೋದಂತೆ ಅವರು, ಕೆಲವು ವರ್ಷಗಳಿಂದ ಚಂಡೆಯ ನಾದದಲ್ಲಿ ಮೊದಲಿನ ಚುರುಕಿಲ್ಲ, ಈಗಿನ ಚರ್ಮ ಸರಿಯಿಲ್ಲ ಎಂದು ದೂರಿದರು. ಅದಕ್ಕಾಗಿ ಪ್ರತಿ ತಿರುಗಾಟದಲ್ಲೂ ಚಂಡೆಯನ್ನು ಇನ್ನಷ್ಟು ಬಿಗಿಯುತ್ತಿದ್ದರು, ಇನ್ನಷ್ಟು ಬಲವಾಗಿ ಹೊಡೆಯುತ್ತಿದ್ದರು, ಅದೂ ಸಾಲದೆ ಧ್ವನಿವರ್ಧಕದವನಿಗೆ ಕೈಸನ್ನೆ ಮಾಡಿ ತಮಗೆ ಕೇಳಲೆಂದು ಎದುರಿಗಿಟ್ಟ ಧ್ವನಿಪೆಟ್ಟಿಗೆಯನ್ನು, ಅಂದರೆ ಮಾನಿಟರನ್ನು, ಏರಿಸಿಕೊಳ್ಳುತ್ತಿದ್ದರು. ಭಾಗವತರು ಒಮ್ಮೆ ಮುಖ ಸಿಂಡರಿಸಿದ್ದನ್ನು ಇವರು ಅಸೂಯೆ ಎಂದುಕೊಂಡಿದ್ದರು. ಪರೀಕ್ಷೆ ಮಾಡಿದಾಗ ಶ್ರವಣದ ರೇಖೆ 4,000 ಹರ್ಟ್ಸ್‌ನ ಹತ್ತಿರ ಬಾವಿಯಂತೆ ಕುಸಿದಿತ್ತು. ಜೋರು ಸದ್ದಿನ ಪೆಟ್ಟು ಮೊದಲು ಕಾಣುವುದು ಅಲ್ಲಿಯೇ. ಚಂಡೆಯ ಪೆಟ್ಟಿನ ಚುರುಕೂ, ಸ, ಶ, ತ ಅಕ್ಷರಗಳ ಮೊನೆಯೂ ಅಂಥ ಎತ್ತರದ ಸ್ವರಗಳಲ್ಲಿಯೇ ಇರುತ್ತವೆ. ಚರ್ಮದಲ್ಲಿ ಯಾವ ದೋಷವೂ ಇರಲಿಲ್ಲ. ಇವರ ಕಿವಿ ಆ ಚುರುಕನ್ನು ಕಳೆದುಕೊಂಡಿತ್ತು, ಅದನ್ನು ಮರಳಿ ಕೇಳಲೆಂದು ಇವರು ಉಳಿದ ಕಿವಿಯನ್ನೂ ಪ್ರತಿ ರಾತ್ರಿ ಬಡಿಯುತ್ತಿದ್ದರು. ನಿಜವಾದ ಜೀರುಂಡೆಯ ದನಿಯೂ ಸುಮಾರು ಅಲ್ಲಿಯೇ ಇರುವುದರಿಂದ ವೈಶಾಖದಲ್ಲಿ ಮನೆಯವರೆಲ್ಲ ಕೇಳುವ ಜೀರುಂಡೆ ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

ಕಿವಿಗೆ ಬಿರಡೆ ಹಾಕಿ ಎಂದೆ. ಹಾಕಿದರೆ ಭಾಗವತರ ಪದ ಕೇಳುವುದು ಹೇಗೆ ಎಂದು ಎದ್ದು ಹೊರಟರು. ಅವರ ಪ್ರಶ್ನೆ ಸರಿಯಾದದ್ದೇ. ಅಂಗಡಿಯಲ್ಲಿ ಸಿಗುವ ಸ್ಪಂಜಿನ ಬಿರಡೆ ಎತ್ತರದ ಸ್ವರಗಳನ್ನು ಹೆಚ್ಚು ನುಂಗುವುದರಿಂದ ಎಲ್ಲವೂ ಕಂಬಳಿಯೊಳಗಿಂದ ಕೇಳಿದಂತಾಗುತ್ತದೆ. ಸಂಗೀತಗಾರರಿಗಾಗಿಯೇ ಮಾಡಿದ ಶೋಧಕವಿರುವ ಇಯರ್‌ಪ್ಲಗ್ ಹಾಗಲ್ಲ. ಅದು ಮಂದ್ರವನ್ನೂ ತಾರವನ್ನೂ ಸರಿಸಮವಾಗಿ ಸುಮಾರು 15 ಡೆಸಿಬೆಲ್ ಇಳಿಸುತ್ತದೆ.

ಆ 15ರ ಬೆಲೆಯನ್ನು ಸ್ವಲ್ಪ ಲೆಕ್ಕ ಹಾಕೋಣ. 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಿಕೊಳ್ಳುತ್ತದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, ಹೀಗೆ ಇಳಿಯುತ್ತ 100ಕ್ಕೆ ಬರಿಯ 15 ನಿಮಿಷ. ತೋಳಳತೆಯ ದೂರದಲ್ಲಿರುವವರ ಜೊತೆ ಕೂಗಿ ಮಾತನಾಡಬೇಕಾದರೆ ನೀವು 85ನ್ನು ದಾಟಿದ್ದೀರಿ. ಯುದ್ಧದ ಸನ್ನಿವೇಶದಲ್ಲಿ ಚಂಡೆಯ ಪಕ್ಕ, ಮಾನಿಟರಿನ ಎದುರು 100 ಮುಟ್ಟುವುದು ದೊಡ್ಡ ಮಾತಲ್ಲ. ಬಿರಡೆ ಹಾಕಿದರೆ ಅದೇ 100 ಕಿವಿಯೊಳಗೆ 85 ಆಗುತ್ತದೆ, ಅಂದರೆ 15 ನಿಮಿಷದ ಅವಕಾಶ 8 ಗಂಟೆಯಾಗಿ ಹಳೆಯ ಕಾಲದ ಇಡೀ ರಾತ್ರಿಯ ಆಟಕ್ಕೇ ಸಾಕಾಗುತ್ತದೆ. ಈಗ ಕಾಲಮಿತಿಯ ಆಟಗಳು ಬಂದಿರುವುದರಿಂದ ಕಿವಿಗೆ ಹಿತವಾಗಿದೆ ಎಂದು ಕೆಲವರು ನನಗೆ ಹೇಳುತ್ತಾರೆ; ಆಟ ಗಿಡ್ಡವಾದದ್ದು ನಿಜ, ಅಷ್ಟೇ ಬೇಗ ಧ್ವನಿವರ್ಧಕದ ಪೆಟ್ಟಿಗೆಗಳು ಎತ್ತರವಾದದ್ದೂ ನಿಜ.

ಆ ಚಂಡೆವಾದಕರು ಆರು ತಿಂಗಳ ನಂತರ ತಾವಾಗಿಯೇ ಬಂದರು. ಮೊದಲು ಎರಡು ವಾರ ಮನೆಯ ಅಭ್ಯಾಸದಲ್ಲಿ, ಆಮೇಲೆ ತಾಳಮದ್ದಲೆಯಲ್ಲಿ, ಕೊನೆಗೆ ರಂಗಸ್ಥಳದಲ್ಲಿ ಬಿರಡೆ ಹಾಕಿ ನೋಡಿದರು. ಈಗ ಭಾಗವತರ ಶ್ರುತಿ ಮೊದಲಿಗಿಂತ ಬಿಡಿಸಿ ಕೇಳುತ್ತದೆ ಎನ್ನುತ್ತಾರೆ, ಚಂಡೆಯನ್ನು ಹಳೆಯ ಬಿಗಿತಕ್ಕೇ ಇಳಿಸಿದ್ದಾರೆ. ಜೀರುಂಡೆ ಹೋಗಿಲ್ಲ. ಸತ್ತ ರೋಮಕೋಶ ಮರಳಿ ಹುಟ್ಟುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಹತ್ತಿ ತುರುಕಿಕೊಂಡರೆ ಸಾಲದೇ ಎಂದು ದಯವಿಟ್ಟು ಕೇಳಬೇಡಿ, ಅದು ತಡೆಯುವುದು ತೀರಾ ಅಲ್ಪ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಬಗ್ಗೆ ವಾರಕ್ಕೆ ನಾಲ್ಕು ಬಾರಿಯಾದರೂ ಉತ್ತರಿಸುತ್ತೇನೆ: ಎಣ್ಣೆ ಕಿವಿತಮಟೆಯ ಪೊರೆಯ ಹೊರಗೇ ನಿಲ್ಲುತ್ತದೆ, ಪೆಟ್ಟಾಗಿರುವುದು ಅದರ ಆಚೆ, ಎಲುಬಿನ ಒಳಗೆ.

ಈಗಾಗಲೇ ಮೊರೆತ ನೆಲೆಸಿರುವವರು ಕೆಲಸ ಬಿಡಬೇಕಾಗಿಲ್ಲ. ಸಂಪೂರ್ಣ ನಿಶ್ಶಬ್ದದಲ್ಲಿ ಮಲಗಬೇಡಿ. ಫ್ಯಾನಿನದೋ ಮಳೆಯದೋ ಸಣ್ಣ ಸದ್ದೊಂದು ಕೋಣೆಯಲ್ಲಿರಲಿ, ಆದರೆ ಅದು ಮೊರೆತವನ್ನು ಮುಚ್ಚಿಬಿಡುವಷ್ಟು ಜೋರಾಗಿರಬಾರದು. ಅಪಾಯವಿಲ್ಲವೆಂದು ಮಿದುಳಿಗೆ ಮನವರಿಕೆಯಾದರೆ, ಅಬ್ಬಿಯ ನೀರಿನ ಸದ್ದು ಮನೆಯವರಿಗೆ ಕೇಳಿಸದೆ ಹೋಗುವಂತೆ, ಅದು ತಿಂಗಳುಗಳಲ್ಲಿ ಹಿಂದೆ ಸರಿಯುತ್ತದೆ. ಕೇಳುವುದೂ ಕಡಿಮೆಯಾಗಿದ್ದರೆ ಶ್ರವಣ ಸಾಧನ ಹಾಕಿಕೊಳ್ಳಿ. ಕನ್ನಡಕಕ್ಕಿಲ್ಲದ ನಾಚಿಕೆ ಅದಕ್ಕೇಕೋ ನನಗೆ ತಿಳಿಯದು.

ಹೊತ್ತು ಕಡಿಮೆಯಿದೆ, ಬೇಗ ಹೇಳುತ್ತೇನೆ. ಮೊರೆತ ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯ ಬಡಿತದ ಜೊತೆ ಹೊಂದಿಕೊಂಡಿದ್ದರೆ ವೈದ್ಯರಿಗೆ ತೋರಿಸಿ. ಒಂದು ಕಿವಿ ಏಕಾಏಕಿ ಕೇಳದಾದರೆ ಆ ದಿನವೇ ಹೊರಡಿ, ಅದರ ಔಷಧಿಗೆ ಇರುವ ಅವಕಾಶ ಕೆಲವೇ ದಿನಗಳದ್ದು. ನಿಮ್ಮ ಕಿವಿಯ ಅಚ್ಚು ತೆಗೆದು ಬಿರಡೆ ಮಾಡಿಸಬೇಕಾದರೆ ಹತ್ತಿರದ ಶ್ರವಣತಜ್ಞರನ್ನಾಗಲಿ, 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನಾಗಲಿ ವಿಚಾರಿಸಿ. ಭಾಗವತರಿಗೆ ಬಿರಡೆ ಹಾಕಿದಾಗ ತಮ್ಮದೇ ಸ್ವರ ತಲೆಯೊಳಗೆ ಮೊಳಗುತ್ತದೆ. ಅಚ್ಚು ಕಿವಿಯೊಳಗೆ ಆಳವಾಗಿ ಕೂರುವಂತೆ ಮಾಡಿಸಿದರೆ ಅದು ಕಡಿಮೆಯಾಗುತ್ತದೆ. ಶ್ರವಣ ಪರೀಕ್ಷೆಗೆ ಮಳೆಗಾಲವೇ ಒಳ್ಳೆಯದು, ಮೇಳಗಳ ತಿರುಗಾಟ ನಿಂತಿರುತ್ತದೆ, ಕಿವಿ ದಣಿದಿರುವುದಿಲ್ಲ. ಹಿಂದಿನ ರಾತ್ರಿ ಎಲ್ಲಿಯೂ ಚಂಡೆ ಹಿಡಿಯದೆ, ಬೆಳಗಿನ ಬಸ್ಸಿಗೆ ಬನ್ನಿ. ನಮಸ್ಕಾರ.