ಬೆಲ್ಜಿಯಮ್ಮಿನ ಜರ್ಮನ್ ಮೂಲೆಯಲ್ಲಿ ಒಂದು ಶಾಲಾವರ್ಷ

ಕೇಳುಗರೆಲ್ಲರಿಗೂ ನಮಸ್ಕಾರ.

ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ಒಂದು ವರ್ಷ ಹೊರದೇಶದಲ್ಲಿ, ಅಲ್ಲಿಯದೇ ಒಂದು ಮನೆಯಲ್ಲಿ ಇದ್ದು, ಅಲ್ಲಿಯ ಶಾಲೆಗೇ ಹೋಗಿ ಬರುವ ವಿನಿಮಯ ಕಾರ್ಯಕ್ರಮಗಳ ಬಗ್ಗೆ ನೀವು ಕೇಳಿರಬಹುದು. ಜರ್ಮನ್ ಕಲಿಯುವ ಆಸೆಯಿಂದ ಅರ್ಜಿ ಹಾಕುವವರ ಕಣ್ಣಿಗೆ ಕಟ್ಟುವುದು ಬರ್ಲಿನ್, ಇಲ್ಲವೇ ಮ್ಯೂನಿಕ್. ಯಾವುದೋ ಹೆಸರು ಕೇಳದ ಊರು ಸಿಕ್ಕಿತೆಂದರೆ ಮುಖ ಸಣ್ಣದಾಗುತ್ತದೆ. ಸಣ್ಣ ಊರು ಸಿಕ್ಕಿದವರೇ ಪುಣ್ಯವಂತರು ಎಂದು ನಾನು ಹೇಳುತ್ತೇನೆ. ಅದಕ್ಕೆ ನನ್ನ ಬಳಿ ಕಾರಣಗಳಿವೆ. ಆದರೆ ಅದನ್ನು ಹೇಳಲು ಜರ್ಮನಿಗೆ ಹೋಗಬೇಕಾಗಿಲ್ಲ. ಪಕ್ಕದ ಬೆಲ್ಜಿಯಮ್ಮಿಗೆ ಹೋದರೆ ಸಾಕು.

ಬೆಲ್ಜಿಯಂ ಎಂದರೆ ಡಚ್ ಮತ್ತು ಫ್ರೆಂಚ್ ಮಾತಾಡುವವರ ದೇಶ ಎಂದು ನಾವು ಓದಿರುತ್ತೇವೆ. ಅಲ್ಲಿ ಮೂರನೆಯ ಅಧಿಕೃತ ಭಾಷೆಯೂ ಒಂದಿದೆ, ಅದು ಜರ್ಮನ್. ದೇಶದ ಪೂರ್ವದ ಅಂಚಿನಲ್ಲಿ ಒಂಬತ್ತು ಪುರಸಭೆಗಳು, ಎಲ್ಲ ಸೇರಿ ಸುಮಾರು 80 ಸಾವಿರ ಜನ. ಇಡೀ ದೇಶದ ಜನಸಂಖ್ಯೆ ಒಂದು ಕೋಟಿ ದಾಟಿದೆ ಎಂದರೆ ಇವರೆಷ್ಟು ಕಡಿಮೆ ಎಂದು ನೋಡಿ. ಇವರ ಪ್ರದೇಶದ ಅಧಿಕೃತ ಹೆಸರೇ ಜರ್ಮನ್ ಭಾಷಿಕ ಸಮುದಾಯ. ಜನ ಸಲೀಸಾಗಿ 'ಓಸ್ಟ್‌ಬೆಲ್ಗಿಯೆನ್', ಅಂದರೆ ಪೂರ್ವ ಬೆಲ್ಜಿಯಂ ಎನ್ನುತ್ತಾರೆ. ಓಯ್ಪೆನ್ ಎಂಬ ಪಟ್ಟಣದಲ್ಲಿ 25 ಸದಸ್ಯರ ಪುಟ್ಟ ಪಾರ್ಲಿಮೆಂಟು ಇದೆ. ಶಾಲೆಗಳನ್ನು ಹೇಗೆ ನಡೆಸಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ನನ್ನ ವಿನಿಮಯದ ವರ್ಷ ಕಳೆದದ್ದು ಇಲ್ಲಿ, ದಕ್ಷಿಣದ ಸಾಂಕ್ಟ್ ಫಿಟ್ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ.

ನಾನು ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಗೆ ಹೋದರೆ ಮಲಯಾಳಂ. 1956 ರಲ್ಲಿ ರಾಜ್ಯಗಳ ಗಡಿ ಬರೆದಾಗ ನಮ್ಮ ಊರು ಆಚೆ ಬದಿಗೆ ಹೋಯಿತು. ಪೂರ್ವ ಬೆಲ್ಜಿಯಮ್ಮಿನವರದ್ದೂ ಗಡಿ ಬದಲಾದ ಕಥೆಯೇ, ಆದರೆ ನಮ್ಮದಕ್ಕಿಂತ ಬಹಳ ಕಠಿಣವಾದದ್ದು. ಮೊದಲ ಮಹಾಯುದ್ಧ ಮುಗಿಯುವವರೆಗೆ ಅದು ಜರ್ಮನಿ. ವರ್ಸೈ ಒಪ್ಪಂದದ ಪ್ರಕಾರ 1920 ರಲ್ಲಿ ಬೆಲ್ಜಿಯಮ್ಮಿಗೆ ಸೇರಿತು. ಜನರ ಅಭಿಪ್ರಾಯ ಕೇಳಿದ್ದು ಹೇಗೆ ಗೊತ್ತಾ? ವಿರೋಧ ಇದ್ದವರು ಕಚೇರಿಗೆ ಬಂದು ಎಲ್ಲರೆದುರು ಪುಸ್ತಕದಲ್ಲಿ ಸಹಿ ಹಾಕಬೇಕು. ಮತದಾನದ ಹಕ್ಕಿದ್ದ ಸುಮಾರು 33 ಸಾವಿರ ಜನರಲ್ಲಿ ಸಹಿ ಹಾಕಿದವರು 271. 1940 ರಲ್ಲಿ ಹಿಟ್ಲರ್ ಅದನ್ನು ಮತ್ತೆ ಜರ್ಮನಿಗೆ ಸೇರಿಸಿಕೊಂಡ. ಅಲ್ಲಿಯ ಗಂಡಸರನ್ನು ಜರ್ಮನ್ ಸೈನ್ಯಕ್ಕೆ ಎಳೆದುಕೊಂಡು ಹೋದರು. ಯುದ್ಧ ಮುಗಿದ ಮೇಲೆ ಮತ್ತೆ ಬೆಲ್ಜಿಯಂ. ಒಂದೇ ಮನೆಯಲ್ಲಿ ಕೂತು ಎರಡು ದೇಶಗಳ ಪ್ರಜೆಯಾಗಿ ಬಾಳಿದ ಅಜ್ಜಂದಿರು ಅಲ್ಲಿ ಎಷ್ಟೋ ಜನ ಇದ್ದರು.

ಸಾಂಕ್ಟ್ ಫಿಟ್‌ನಲ್ಲಿ ನಡೆದಾಡಿದರೆ ಹಳೆಯ ಕಟ್ಟಡ ಎಂದು ಕಣ್ಣಿಗೆ ಬೀಳುವುದು ಬಹಳ ಕಡಿಮೆ. ಬ್ಯೂಖೆಲ್ ಗೋಪುರ ಎಂಬ ಒಂದು ಹಳೆಯ ಬುರುಜು ಇದೆ. ಉಳಿದದ್ದು 1944 ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ನ ಹೊತ್ತಿಗೆ ಬಿದ್ದ ಬಾಂಬುಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ನೆಲಸಮವಾಯಿತು. ಇದನ್ನು ಹೇಳಲು ಇನ್ನೊಂದು ಕಾರಣವಿದೆ. ವಿನಿಮಯ ಕಾರ್ಯಕ್ರಮ ನಡೆಸುವ ಸಂಸ್ಥೆಗಳಲ್ಲಿ ಎಎಫ್‌ಎಸ್ ಎಂಬುದು ಹಳೆಯದು. ಅದನ್ನು ಕಟ್ಟಿದವರು ಯುದ್ಧಗಳಲ್ಲಿ ಆಂಬುಲೆನ್ಸ್ ಓಡಿಸಿದ ಅಮೆರಿಕದ ಸ್ವಯಂಸೇವಕರು. ಗಾಯಾಳುಗಳನ್ನು ಹೊತ್ತು ಸಾಕಾಗಿ, ಎರಡನೆಯ ಯುದ್ಧ ಮುಗಿದ ಮೇಲೆ, ಇನ್ನು ಶಾಲಾ ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸೋಣ ಎಂದು ನಿರ್ಧರಿಸಿದರು. ಮೊದಲ ಮಕ್ಕಳು ಹೋದದ್ದು 1947 ರಲ್ಲಿ. ಮಕ್ಕಳನ್ನು ಇಟ್ಟುಕೊಳ್ಳುವ ಮನೆಯವರಿಗೆ ಇಂಥ ಸಂಸ್ಥೆಗಳು ಬಾಡಿಗೆ ಕೊಡುವುದಿಲ್ಲ. ಅವರು ತಮ್ಮ ಖುಷಿಯಿಂದಲೇ ಇಟ್ಟುಕೊಳ್ಳುತ್ತಾರೆ. ಇದನ್ನು ಹೊರಡುವ ಮೊದಲೇ ಮಕ್ಕಳ ತಲೆಗೆ ಹಾಕಬೇಕು. ನೀವು ಹೋಗುತ್ತಿರುವುದು ಪಿಜಿಗೆ ಅಲ್ಲ.

ಸರಿ, ಇನ್ನು ದಿನಚರಿಗೆ ಬರೋಣ.

ಹೋದ ಹೊಸದರಲ್ಲಿ ಪುರಸಭೆಗೆ ಹೋಗಿ ಹೆಸರು ನೋಂದಾಯಿಸಬೇಕು. ಆಮೇಲೆ ಒಂದು ದಿನ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ನೀವು ಹೇಳಿದ ವಿಳಾಸದಲ್ಲಿ ನಿಜವಾಗಿ ಇದ್ದೀರಾ ಎಂದು ನೋಡಿಕೊಂಡು ಹೋಗಲು ಅಷ್ಟೇ. ಅಲ್ಲಿಯವರಿಗೆ ಅದು ಏನೂ ಅಲ್ಲ. ನಮ್ಮ ಕಡೆಯ ಅಪ್ಪ ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಮಾತ್ರ ಸ್ವಲ್ಪ ನಿಧಾನಕ್ಕೆ, ಕಾರಣ ಮೊದಲು ಹೇಳಿ, ಪೊಲೀಸರ ವಿಷಯ ಆಮೇಲೆ ಹೇಳುವುದು ಒಳ್ಳೆಯದು.

ಶಾಲೆ ಬೆಳಿಗ್ಗೆ ಎಂಟು ಕಾಲು, ಎಂಟೂವರೆಗೆ ಶುರು. ಪೀರಿಯಡ್ಡು 50 ನಿಮಿಷ. ಸಂಜೆ ನಾಲ್ಕರ ಸುಮಾರಿಗೆ ಬಿಡುತ್ತದೆ. ಬುಧವಾರ ಮಧ್ಯಾಹ್ನ ರಜೆ. ಬೆಲ್ಜಿಯಮ್ಮಿನ ಎಲ್ಲ ಕಡೆಯೂ ಇದು ರೂಢಿ. ಆ ಅರ್ಧ ದಿನದಲ್ಲಿ ಮಕ್ಕಳು ಫುಟ್‌ಬಾಲ್, ಸಂಗೀತ, ಹಲ್ಲಿನ ಡಾಕ್ಟರು ಎಲ್ಲ ಮುಗಿಸಿಕೊಳ್ಳುತ್ತಾರೆ. ಮಧ್ಯಾಹ್ನಕ್ಕೆ ಮನೆಯಿಂದ ತಂದ ಬ್ರೆಡ್ಡು, ಅದರ ನಡುವೆ ಚೀಸು. ಬಿಸಿ ಊಟ ಎಂದರೆ ಸಂಜೆ ಮನೆಗೆ ಬಂದ ಮೇಲೆ. ದಿನಾ ಮಧ್ಯಾಹ್ನ ತಣ್ಣಗಿನ ಬ್ರೆಡ್ಡು ತಿನ್ನುವುದು ಅನ್ನ ಸಾರಿನ ಹೊಟ್ಟೆಗೆ ಸುಲಭ ಅಲ್ಲ. ಒಂದೆರಡು ತಿಂಗಳು ಬೇಕು. ಸಸ್ಯಾಹಾರಿಗಳಿಗೆ ಈಗ ಮೊದಲಿನಷ್ಟು ಕಷ್ಟ ಇಲ್ಲ. ಆದರೆ ಹೋಗುವ ಮೊದಲೇ ಅರ್ಜಿಯಲ್ಲಿ ಬರೆಯಿರಿ, ಊಟದ ಮೇಜಿನಲ್ಲಿ ಕೂತ ಮೇಲೆ ಹೇಳಬೇಡಿ. ಆ ಸೀಮೆಯ ಒಂದು ಸಿಹಿ ನಮ್ಮವರಿಗೆ ಖಂಡಿತ ಹಿಡಿಸುತ್ತದೆ: ರೈಸ್‌ಫ್ಲಾಡೆನ್. ಅಕ್ಕಿ ಪಾಯಸವನ್ನು ಗಟ್ಟಿ ಮಾಡಿ, ಹಿಟ್ಟಿನ ತಟ್ಟೆಗೆ ಸುರಿದು, ಮೇಲೆ ಕೆಂಪಗಾಗುವವರೆಗೆ ಬೇಯಿಸಿದ ಹಾಗೆ ಇರುತ್ತದೆ.

ಶಾಲೆಯಲ್ಲಿ ಪಾಠ ಜರ್ಮನಿನಲ್ಲಿ. ಆದರೆ ಅಲ್ಲಿಯ ಮಕ್ಕಳಿಗೆ ಶಿಶುವಿಹಾರದಿಂದಲೇ ಆಟದ ಜೊತೆ ಫ್ರೆಂಚ್ ಹೇಳಿಕೊಡುತ್ತಾರೆ. ಕೆಲವು ಶಾಲೆಗಳಲ್ಲಿ ದೊಡ್ಡ ತರಗತಿಗೆ ಹೋದ ಮೇಲೆ ಒಂದೆರಡು ವಿಷಯಗಳ ಪಾಠವೇ ಫ್ರೆಂಚಿನಲ್ಲಿ. ಕಷ್ಟಪಟ್ಟು ಜರ್ಮನ್ ಕಲಿತು ಹೋದ ವಿನಿಮಯದ ಹುಡುಗಿ ಆ ಕ್ಲಾಸಿನಲ್ಲಿ ಸುಮ್ನೆ ಕಿಟಕಿ ನೋಡುತ್ತ ಕೂರಬೇಕು. ನನಗೆ ಅದು ಹೊಸದಾಗಿ ಕಾಣಲಿಲ್ಲ. ನಾನು ಬೆಳೆದ ಕಡೆಯೂ ಮಕ್ಕಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿದುಕೊಂಡೇ ದೊಡ್ಡವರಾಗುತ್ತಾರೆ. ಮನೆಯಲ್ಲಿ ಮತ್ತೂ ಒಂದು ಭಾಷೆ ಕಾದಿತ್ತು. ಹಿರಿಯರು ತಮ್ಮೊಳಗೆ ಮಾತಾಡುವುದು ಪ್ಲಾಟ್, ಅಂದರೆ ಅಲ್ಲಿಯ ಆಡುನುಡಿ. ಸಾಂಕ್ಟ್ ಫಿಟ್ ಕಡೆಯ ಪ್ಲಾಟ್ ಲಕ್ಸೆಂಬರ್ಗಿನ ಭಾಷೆಗೆ ಹತ್ತಿರ. ಓಯ್ಪೆನ್ ಕಡೆಯದ್ದು ಬೇರೆಯೇ.

ಇಷ್ಟು ಭಾಷೆ ಬಲ್ಲ ಜನರ ನಡುವೆ ವಿನಿಮಯ ವಿದ್ಯಾರ್ಥಿಗೆ ಒಂದು ತೊಂದರೆ ಇದೆ. ನೀವು ಒಂದು ವಾಕ್ಯದಲ್ಲಿ ತಡವರಿಸಿದರೆ ಸಾಕು, ಪಾಪ, ನಿಮಗೆ ಸಹಾಯ ಆಗಲಿ ಎಂದು ಎದುರಿನವರು ಇಂಗ್ಲಿಷಿಗೆ ಬರುತ್ತಾರೆ. ದೊಡ್ಡ ನಗರದಲ್ಲಾದರೆ ಇಡೀ ವರ್ಷ ಹಾಗೇ ಕಳೆದುಬಿಡಬಹುದು. ಹಳ್ಳಿಯಲ್ಲಿ ಹಾಗಾಗುವುದಿಲ್ಲ. ಬೇಕರಿಯ ಅಜ್ಜಿ, ಬಸ್ಸಿನ ಡ್ರೈವರು, ಪಕ್ಕದ ಮನೆಯ ಐದು ವರ್ಷದ ಹುಡುಗ, ಇವರ ಹತ್ತಿರ ನಿಮ್ಮ ಇಂಗ್ಲಿಷ್ ಅಷ್ಟಾಗಿ ನಡೆಯುವುದಿಲ್ಲ. ಅದರಲ್ಲೂ ಐದು ವರ್ಷದ ಹುಡುಗ ಒಳ್ಳೆಯ ಮೇಷ್ಟ್ರು. ತಪ್ಪಿದರೆ ಮುಲಾಜಿಲ್ಲದೆ ನಗುತ್ತಾನೆ, ಸರಿಯಾದದ್ದನ್ನು ಹತ್ತು ಸಲ ಬೇಕಾದರೂ ಹೇಳುತ್ತಾನೆ.

ಇನ್ನೊಂದು ಮೇಷ್ಟ್ರು ರೇಡಿಯೋ. ರೇಡಿಯೋದಲ್ಲಿ ಕೂತು ರೇಡಿಯೋವನ್ನು ಹೊಗಳುತ್ತಿದ್ದಾಳೆ ಎಂದುಕೊಳ್ಳಬೇಡಿ. ಆ ಪುಟ್ಟ ಪ್ರದೇಶಕ್ಕೆ ತನ್ನದೇ ಆದ ಜರ್ಮನ್ ಬಾನುಲಿ ಇದೆ, ಬಿಆರ್‌ಎಫ್. ಯುದ್ಧ ಮುಗಿದ 1945 ರಲ್ಲೇ ಬೆಲ್ಜಿಯಮ್ಮಿನ ರೇಡಿಯೋದಲ್ಲಿ ಅವರಿಗಾಗಿ ಜರ್ಮನ್ ಪ್ರಸಾರ ಶುರುವಾಗಿತ್ತು. ನಾನಿದ್ದ ಮನೆಯ ಅಡುಗೆಕೋಣೆಯಲ್ಲಿ ಅದು ಬೆಳಗಿನಿಂದ ಹಾಡುತ್ತಿರುತ್ತಿತ್ತು. ವಾರ್ತೆ ಗಂಟೆ ಗಂಟೆಗೂ ಬರುತ್ತದೆ, ಸುದ್ದಿ ಮಾತ್ರ ಹೆಚ್ಚುಕಡಿಮೆ ಅದೇ. ಬೆಳಿಗ್ಗೆ ಕೇಳುವಾಗ ಊರಿನ ಹೆಸರೊಂದೇ ತಿಳಿಯುತ್ತದೆ. ಸಂಜೆ ಅದೇ ಸುದ್ದಿ ಬರುವಾಗ ಯಾವ ರಸ್ತೆ ಬಂದ್ ಆಗಿದೆ, ಯಾಕೆ ಆಗಿದೆ, ಎಲ್ಲ ಗೊತ್ತಾಗಿರುತ್ತದೆ. ಜರ್ಮನ್ ಕಲಿಯುವ ಆ್ಯಪುಗಳಿಗಿಂತ ಇದು ಒಳ್ಳೆಯದು ಎಂದು ನಾನು ಈಗಲೂ ಹೇಳುತ್ತೇನೆ.

ಮನೆಯ ರೀತಿ ನೀತಿ ಕಲಿಯಲು ಯಾರೂ ಪುಸ್ತಕ ಕೊಡುವುದಿಲ್ಲ. ಹೊರಗೆ ಹಿಮ ಬೀಳುತ್ತಿದ್ದರೂ ಬೆಳಿಗ್ಗೆ ಕಿಟಕಿಗಳನ್ನು ಪೂರ್ತಿ ತೆರೆದು ಗಾಳಿ ಬದಲಾಯಿಸುತ್ತಾರೆ. ಪ್ಲಾಸ್ಟಿಕ್ಕು, ಡಬ್ಬಿ, ಹಾಲಿನ ಪ್ಯಾಕೆಟ್ಟು ನೀಲಿ ಚೀಲಕ್ಕೆ. ಕಾಗದ ಬೇರೆ. ಗಾಜಿನ ಬಾಟಲಿ ಊರಿನ ಮೂಲೆಯ ದೊಡ್ಡ ಡಬ್ಬಕ್ಕೆ, ಅದರಲ್ಲೂ ಬಿಳಿ ಗಾಜು ಬೇರೆ, ಬಣ್ಣದ ಗಾಜು ಬೇರೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಬೆಳಿಗ್ಗೆ ಬೇಕರಿ ಮಾತ್ರ ತೆರೆದಿರುತ್ತದೆ. ಇದೆಲ್ಲ ಬೇಗ ರೂಢಿಯಾಯಿತು. ರೂಢಿಯಾಗಲು ಜಾಸ್ತಿ ದಿನ ಹಿಡಿದದ್ದು ಒಂದೇ. ಮನೆಯ ಯಜಮಾನಿ ನನ್ನ ಅಮ್ಮನ ವಯಸ್ಸಿನವರು. ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯಬೇಕು. ಅಕ್ಕ ಇಲ್ಲ, ಆಂಟಿ ಇಲ್ಲ. ಶಾಲೆಯ ಟೀಚರಿಗೆ ಮಾತ್ರ ಬಹುವಚನ. ಬಹಳ ದಿನ ನಾನು ಅವರನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತು, ಅವರು ತಿರುಗಿ ನೋಡಿದ ಮೇಲೆಯೇ ಮಾತು ಶುರು ಮಾಡುತ್ತಿದ್ದೆ.

ಗೆಳೆತನದ ವಿಷಯ. ಅಲ್ಲಿಯವರು ಮೊದಲ ದಿನವೇ ಹೆಗಲ ಮೇಲೆ ಕೈ ಹಾಕುವವರಲ್ಲ. ಕ್ಲಾಸಿನಲ್ಲಿ ಮಾತಾಡಿಸುತ್ತಾರೆ, ಬೆಲ್ಲಾದ ಮೇಲೆ ಅವರವರ ಬಸ್ಸು ಹಿಡಿದು ಹೋಗುತ್ತಾರೆ. ಹಳ್ಳಿಯ ಕಡೆಗೆ ಬಸ್ಸು ಕಡಿಮೆ. ಹಾಗಾಗಿ ಗೆಳೆಯರಾಗುವುದು ಕ್ಲಾಸಿನಲ್ಲಲ್ಲ, ಸಂಘದಲ್ಲಿ. ಒಂದೊಂದು ಹಳ್ಳಿಯಲ್ಲೂ ಊದುವ ವಾದ್ಯಗಳ ಬ್ಯಾಂಡು, ಫುಟ್‌ಬಾಲ್ ತಂಡ, ಹುಡುಗ ಹುಡುಗಿಯರ ಗ್ರಾಮೀಣ ಯುವಕೂಟ ಇರುತ್ತದೆ. ಯಾವುದಾದರೂ ಒಂದಕ್ಕೆ ಸೇರಿಕೊಳ್ಳಿ. ವಾದ್ಯ ಬಾರದಿದ್ದರೆ ಕುರ್ಚಿ ಜೋಡಿಸಿ, ಪಾತ್ರೆ ತೊಳೆಯಿರಿ. ಕೈಯಲ್ಲಿ ಕೆಲಸ ಇದ್ದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಹಳ್ಳಿಯಲ್ಲಿ ಭಾರತದಿಂದ ಬಂದ ಹುಡುಗಿ ಒಬ್ಬಳೇ ಇರುವುದರಿಂದ ಎಲ್ಲರಿಗೂ ನಿಮ್ಮ ಹೆಸರು ಗೊತ್ತಿರುತ್ತದೆ. ಬರ್ಲಿನ್ನಿನಲ್ಲಿ ಯಾರಿಗೆ ಗೊತ್ತಿರುತ್ತದೆ ಹೇಳಿ?

ವರ್ಷದ ಹಬ್ಬಗಳೂ ಹೀಗೆ ಕೆಲಸದ ಜೊತೆಗೇ ಬರುತ್ತವೆ. ನವೆಂಬರ್ 11, ಸಂತ ಮಾರ್ಟಿನನ ದಿನ. ಮಕ್ಕಳು ಕಾಗದದ ಗೂಡುದೀಪ ಹಿಡಿದು, ಕುದುರೆ ಮೇಲೆ ಕೂತ ಮಾರ್ಟಿನನ ಹಿಂದೆ ಹಾಡುತ್ತ ಹೋಗುತ್ತಾರೆ. ದೀಪ ಮಾಡಲು ಮನೆಯಲ್ಲಿ ಎಲ್ಲರೂ ಕತ್ತರಿ ಹಿಡಿದು ಕೂರುತ್ತಾರೆ. ಅದಾಗಿ ನಾಲ್ಕು ದಿನಕ್ಕೆ, ನವೆಂಬರ್ 15 ರಂದು ಆ ಭಾಷಾ ಸಮುದಾಯದ ದಿನ. ಡಿಸೆಂಬರಿನಲ್ಲಿ ಪರೀಕ್ಷೆ. ಫೆಬ್ರವರಿ, ಮಾರ್ಚಿನಲ್ಲಿ ಕಾರ್ನಿವಲ್. ಅದರ ಗುರುವಾರ ಹೆಂಗಸರು ಪುರಸಭೆಗೆ ನುಗ್ಗಿ ಅಧಿಕಾರ ಹಿಡಿಯುತ್ತಾರೆ, ಕತ್ತರಿ ತಂದು ಗಂಡಸರ ಟೈ ಕತ್ತರಿಸುತ್ತಾರೆ. ತಿಳಿದವರು ಆ ದಿನ ಹಳೆಯ ಟೈ ಕಟ್ಟಿಕೊಂಡು ಬರುತ್ತಾರೆ. ಸೋಮವಾರ ಓಯ್ಪೆನ್‌ನಲ್ಲಿ ದೊಡ್ಡ ಮೆರವಣಿಗೆ. ಗಂಭೀರ ಜನ, ಶಿಸ್ತಿನ ಜನ ಎಂದು ಜರ್ಮನ್ ಮಾತಾಡುವವರ ಬಗ್ಗೆ ನಮ್ಮಲ್ಲಿರುವ ಕಲ್ಪನೆ ಆ ವಾರ ಪೂರ್ತಿ ಉದುರಿ ಹೋಗುತ್ತದೆ.

ರಜೆಯಲ್ಲಿ ನೋಡಲು ಎರಡು ವಿಚಿತ್ರಗಳಿವೆ. ಓಯ್ಪೆನ್‌ಗೂ ಸಾಂಕ್ಟ್ ಫಿಟ್‌ಗೂ ನಡುವೆ ಹೋಹೆಸ್ ಫೆನ್ ಎಂಬ ಎತ್ತರದ ಜೌಗುಭೂಮಿ ಇದೆ. ಬೆಲ್ಜಿಯಮ್ಮಿನ ಅತಿ ಎತ್ತರದ ಜಾಗ ಬೋಟ್ರಾಂಜ್ ಅಲ್ಲೇ, 694 ಮೀಟರ್. 700 ಆಗಲು ಆರು ಮೀಟರ್ ಕಡಿಮೆಯಾಯಿತಲ್ಲ ಎಂದು 1923 ರಲ್ಲಿ ಅಲ್ಲೊಂದು ದಿಬ್ಬ ಎಬ್ಬಿಸಿ ಮೆಟ್ಟಿಲು ಕಟ್ಟಿದರು. ಈಗ ಹತ್ತಿ ನಿಂತರೆ ಸರಿಯಾಗಿ 700. ಇನ್ನೊಂದು ಫೆನ್‌ಬಾನ್, ಹಳೆಯ ರೈಲು ಹಾದಿ, ಈಗ ಸೈಕಲ್ ದಾರಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಹಳಿಯನ್ನು ಬೆಲ್ಜಿಯಮ್ಮಿಗೆ ಕೊಟ್ಟರು, ಅಕ್ಕಪಕ್ಕದ ಊರು ಜರ್ಮನಿಯಲ್ಲೇ ಉಳಿಯಿತು. ಹಾಗಾಗಿ ಕೆಲವು ಕಡೆ ಸೈಕಲ್ ತುಳಿಯುವ ದಾರಿ ಬೆಲ್ಜಿಯಂ, ಎರಡೂ ಬದಿಯ ಮನೆಗಳು ಜರ್ಮನಿ. ಗಡಿಯಲ್ಲಿ ಹುಟ್ಟಿದವಳಿಗೆ ಅಲ್ಲಿ ಸೈಕಲ್ ಹೊಡೆಯುವುದು ತುಂಬ ಖುಷಿ ಕೊಟ್ಟಿತ್ತು. ಅಲ್ಲಿ ಚೆಕ್‌ಪೋಸ್ಟ್ ಇಲ್ಲ, ಬೋರ್ಡಿನ ಜಗಳವೂ ಕಾಣಲಿಲ್ಲ.

ಕೊನೆಗೆ ಹೆತ್ತವರಿಗೆ ಒಂದೆರಡು ಮಾತು. ಮಗು ಅತ್ತು ಫೋನ್ ಮಾಡಿದರೆ ಅದು ಹೆಚ್ಚಾಗಿ ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲೆ. ದಿನಾ ವೀಡಿಯೋ ಕಾಲ್ ಮಾಡಿ ಸಮಾಧಾನ ಹೇಳುವುದಕ್ಕಿಂತ, ವಾರಕ್ಕೊಮ್ಮೆ ಮಾತಾಡುವುದು ಮಗುವಿಗೇ ಒಳ್ಳೆಯದು. ಶನಿವಾರ ಸಂಜೆ ಅಲ್ಲಿ ಬ್ಯಾಂಡಿನ ಅಭ್ಯಾಸ ಇದ್ದರೆ, ನಿಮ್ಮ ಫೋನಿಗಾಗಿ ಅದನ್ನು ಬಿಡಿಸಬೇಡಿ.

ಇನ್ನು ಶಾಲೆಯ ಲೆಕ್ಕ. ಅಲ್ಲಿಯ ವರ್ಷ ಸೆಪ್ಟೆಂಬರ್ ಹೊತ್ತಿಗೆ ಶುರುವಾಗಿ ಜೂನ್ ಕೊನೆಗೆ ಮುಗಿಯುತ್ತದೆ. ನಮ್ಮಲ್ಲಿ ಜೂನಿನಲ್ಲೇ ತರಗತಿ ಆರಂಭ. ಆದ್ದರಿಂದ ಹಲವರಿಗೆ ಇಲ್ಲಿ ಒಂದು ವರ್ಷ ಹಿಂದೆ ಬೀಳುತ್ತದೆ. ಸೀಟು ಕಾಯ್ದಿಡುತ್ತಾರಾ, ಅಲ್ಲಿಯ ಅಂಕಪಟ್ಟಿ ಒಪ್ಪುತ್ತಾರಾ ಎಂದು ಮುಖ್ಯೋಪಾಧ್ಯಾಯರ ಹತ್ತಿರ ಅರ್ಜಿ ಹಾಕುವ ಮೊದಲೇ ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಮ್ಮ ಮನೆಯಲ್ಲಿ ಅಪ್ಪ ಆ ಪತ್ರವನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟಿದ್ದರು, ವಾಪಸು ಬಂದ ಮೇಲೆ ಅದು ಕೆಲಸಕ್ಕೆ ಬಂತು.

ನಮಸ್ಕಾರ.