ಒಗೆಯುವ ಮುನ್ನ ಕಂಟ್ರೋಲರ್ ಯಾವುದೆಂದು ಕೇಳಿ

ನಮಸ್ಕಾರ. ಈ ವಾರದ ಸಂಚಿಕೆಗಾಗಿ ಇನ್ವರ್ಟರ್ ಬ್ಯಾಟರಿಯ ಕುರಿತು ಬರೆದಿಟ್ಟುಕೊಂಡಿದ್ದ ಮಾತುಗಳನ್ನು ಪಕ್ಕಕ್ಕೆ ಸರಿಸಿ, ಪೆನ್‌ಡ್ರೈವ್ ಎಂಬ ಹೆಬ್ಬೆರಳಿನಷ್ಟು ಚಿಕ್ಕ ವಸ್ತುವಿನ ಬಗ್ಗೆ ಮಾತನಾಡಲು ಕುಳಿತಿದ್ದೇನೆ. ಕಳೆದ ಮಂಗಳವಾರ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ನಿಂತಿದ್ದಾಗ, ನವಲಗುಂದದ ಕಡೆಯ ಹಿರಿಯರೊಬ್ಬರು ಟ್ರ್ಯಾಕ್ಟರಿನಲ್ಲಿ ಹಾಡು ಕೇಳಲು ಇಟ್ಟುಕೊಂಡಿದ್ದ ತಮ್ಮ 16 ಜಿಬಿ ಪೆನ್‌ಡ್ರೈವನ್ನು ತಂದು ಕೊಟ್ಟರು. ಅಂಗಡಿಯ ಹುಡುಗ ಅದನ್ನು ಕಂಪ್ಯೂಟರಿಗೆ ಚುಚ್ಚಿದ. ಡ್ರೈವಿನ ಅಕ್ಷರ ಪರದೆಯ ಮೇಲೆ ಮೂಡಿತು. ಒತ್ತಿದರೆ ‘ದಯವಿಟ್ಟು ಡಿಸ್ಕ್ ಹಾಕಿ’ ಎಂಬ ಅರ್ಥದ ಇಂಗ್ಲಿಷ್ ಸಂದೇಶ ಬಂತು. ಅರ್ಧ ನಿಮಿಷವೂ ಆಗಿರಲಿಲ್ಲ, “ಇದು ಹೋತ್ರೀ ಯಜಮಾನ್ರ, ಒಗೀರಿ, ಹೊಸಾದ ಒಂದ್ ತಗೊಂಬಿಡ್ರಿ” ಎಂದವನೇ ಅದನ್ನು ಕಾಲಬಳಿಯ ಬುಟ್ಟಿಗೆ ಹಾಕಿದ. ಹಿರಿಯರು ಮರುಮಾತಾಡದೆ ಹಣ ಕೊಟ್ಟು ಹೊಸದನ್ನು ಕೊಂಡು ಹೋದರು. ನಾನು ಅವರನ್ನೇ ಕೇಳಿ ಆ ಹಳೆಯ ಡ್ರೈವನ್ನು ಬುಟ್ಟಿಯಿಂದ ಎತ್ತಿಕೊಂಡು ಮನೆಗೆ ತಂದೆ.

ನಾನು ಹೇಳಬೇಕೆಂದಿರುವ ಮಾತು ಒಂದೇ. ಪೆನ್‌ಡ್ರೈವ್ ಸತ್ತಿದೆ ಎಂದು ತೀರ್ಪು ಕೊಡುವ ಮುನ್ನ ಅದರೊಳಗಿನ ಕಂಟ್ರೋಲರ್, ಅಂದರೆ ಅದನ್ನು ನಡೆಸುವ ಚಿಪ್, ಯಾವುದೆಂದು ಕೇಳಿ. ಪೂರ್ತಿ ಸತ್ತ ಪೆನ್‌ಡ್ರೈವ್ ಸಾಮಾನ್ಯವಾಗಿ ಕಂಪ್ಯೂಟರಿಗೆ ಕಾಣುವುದೇ ಇಲ್ಲ. ‘ಡಿಸ್ಕ್ ಹಾಕಿ’ ಎನ್ನುವ, ತನ್ನ ಗಾತ್ರ ಸೊನ್ನೆ ಎಂದು ತೋರಿಸುವ ಡ್ರೈವ್ ಇನ್ನೂ ಮಾತನಾಡುತ್ತಿದೆ. ಮಾತನಾಡುತ್ತಿರುವುದನ್ನು ಬುಟ್ಟಿಗೆ ಹಾಕುವ ಅವಸರವಾದರೂ ಏಕೆ?

ಒಳಗೆ ಇರುವುದೇನು ಎಂಬುದನ್ನು ತಿಳಿದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಪೆನ್‌ಡ್ರೈವಿನ ಹೊರಗಿನ ಚಿಪ್ಪು ಬಿಚ್ಚಿದರೆ ಸಾಮಾನ್ಯವಾಗಿ ಎರಡು ಮುಖ್ಯ ಭಾಗಗಳು ಕಾಣುತ್ತವೆ. ಒಂದು, ಮಾಹಿತಿಯನ್ನು ಹಿಡಿದಿಡುವ ನ್ಯಾಂಡ್ ಫ್ಲ್ಯಾಷ್ ಮೆಮೊರಿ. ತೊಶಿಬಾದಲ್ಲಿದ್ದ ಫುಜಿಯೊ ಮಸುವೊಕಾ ಅವರ ತಂಡ 1987ರಲ್ಲಿ ಜಗತ್ತಿನ ಮುಂದಿಟ್ಟ ತಂತ್ರ ಇದು. ಇನ್ನೊಂದು, ಆ ಮೆಮೊರಿಗೂ ಕಂಪ್ಯೂಟರಿಗೂ ನಡುವೆ ನಿಂತಿರುವ ಕಂಟ್ರೋಲರ್. ಅಮರಗೋಳದ ಎಪಿಎಂಸಿಯಲ್ಲಿರುವ ಒಂದು ಗೋದಾಮನ್ನು ನೆನೆದುಕೊಳ್ಳಿ. ಮೆಮೊರಿಯೇ ಗೋದಾಮು, ಕಂಟ್ರೋಲರೇ ಅದರ ಗುಮಾಸ್ತ. ಯಾವ ಚೀಲ ಯಾವ ಸಾಲಿನಲ್ಲಿದೆ, ಯಾವ ಮೂಲೆ ಸೋರುತ್ತದೆ, ಎಲ್ಲಿ ಮಾಲು ಇಡಬಾರದು ಎಂಬುದೆಲ್ಲ ಅವನ ದಫ್ತರದಲ್ಲಿರುತ್ತದೆ. ನ್ಯಾಂಡ್ ಮೆಮೊರಿಯಲ್ಲಿ ಕೆಲವು ಬ್ಲಾಕುಗಳು, ಅಂದರೆ ಮಾಹಿತಿ ಇಡುವ ಖಾನೆಗಳು, ಕಾರ್ಖಾನೆಯಿಂದ ಬರುವಾಗಲೇ ಕೆಟ್ಟಿರುತ್ತವೆ, ಇನ್ನು ಕೆಲವು ಬಳಸುತ್ತ ಸವೆಯುತ್ತವೆ. ಆದ್ದರಿಂದ ದಫ್ತರವಿಲ್ಲದೆ ಆ ಗೋದಾಮು ಒಂದು ದಿನವೂ ನಡೆಯದು.

ಸಮಸ್ಯೆಯ ಮೂಲವೂ ಇಲ್ಲೇ ಇದೆ. ಕಂಟ್ರೋಲರನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರಿನ ಬಹುಪಾಲು ಮತ್ತು ಈ ಲೆಕ್ಕಪತ್ರ ಎರಡೂ ಅದೇ ಮೆಮೊರಿಯ ಒಂದು ಮೀಸಲು ಜಾಗದಲ್ಲಿ ಇರುತ್ತವೆ, ಅಂದರೆ ದಫ್ತರವನ್ನು ಗೋದಾಮಿನ ಒಳಗೇ ಇಟ್ಟು ಬೀಗ ಹಾಕಿದಂತೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ಅಥವಾ ನಾವು ಅವಸರದಲ್ಲಿ ಡ್ರೈವನ್ನು ಕಿತ್ತುಕೊಂಡರೆ, ಆ ಕ್ಷಣದಲ್ಲಿ ಬರೆಯಲಾಗುತ್ತಿದ್ದ ಪುಟ ಹರಿದುಹೋಗಬಹುದು. ಮರುದಿನ ಬಂದ ಗುಮಾಸ್ತನಿಗೆ ದಫ್ತರ ಸಿಗದಿದ್ದರೆ ಅವನು ‘ಮಾಲು ಸೊನ್ನೆ’ ಎನ್ನದೆ ಬೇರೇನು ಹೇಳಿಯಾನು? ಗೋದಾಮು ಅಲ್ಲೇ ಇದೆ, ಗುಮಾಸ್ತನೂ ಬದುಕಿದ್ದಾನೆ, ಹೋಗಿರುವುದು ದಫ್ತರ ಮಾತ್ರ. ಗುಮಾಸ್ತ ಯಾರೆಂದು ತಿಳಿದರೆ ಅವನಿಗೆ ಹೊಸ ದಫ್ತರ ಬರೆಸಿಕೊಡಬಹುದು. ಅದಕ್ಕಾಗಿಯೇ ನಾನು ಕಂಟ್ರೋಲರ್ ಯಾವುದೆಂದು ಕೇಳಿ ಎನ್ನುತ್ತಿರುವುದು.

ಕೇಳುವುದು ಕಷ್ಟದ ಕೆಲಸವೂ ಅಲ್ಲ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ವಿಐಡಿ (ಕಂಪನಿಯ ಗುರುತು) ಮತ್ತು ಪಿಐಡಿ (ಸಾಧನದ ಗುರುತು) ಎಂಬ ಎರಡು ಸಂಖ್ಯೆಗಳು ಸಿಗುತ್ತವೆ. 13ಎಫ್‌ಇ ಎಂಬ ವಿಐಡಿ ಇದ್ದರೆ ಕಂಟ್ರೋಲರ್ ಫೈಸನ್ ಕಂಪನಿಯ ಕಡೆಯದು, 090ಸಿ ಎಂದಿದ್ದರೆ ಸಿಲಿಕಾನ್ ಮೋಷನ್, 058ಎಫ್ ಎಂದಿದ್ದರೆ ಅಲ್ಕಾರ್ ಮೈಕ್ರೊ. ಆದರೆ ಇಷ್ಟಕ್ಕೇ ನಂಬಿ ಕೂರಬೇಡಿ. ಕಿಂಗ್‌ಸ್ಟನ್‌ನಂತಹ ಮಾರಾಟಗಾರರು 0951 ಎಂಬ ತಮ್ಮದೇ ಸಂಖ್ಯೆಯನ್ನು ಹಾಕಿರುತ್ತಾರೆ, ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಡ್ರೈವುಗಳ ಒಳಗೆ ಎರಡು ಬೇರೆ ಕಂಟ್ರೋಲರುಗಳು ಇರುವುದೂ ಸಾಮಾನ್ಯ. ಅದಕ್ಕಾಗಿ ಚಿಪ್‌ಜೀನಿಯಸ್‌ನಂತಹ ಪುಟ್ಟ ತಂತ್ರಾಂಶವಿದೆ. ಅದು ಡ್ರೈವನ್ನು ಪ್ರಶ್ನಿಸಿ ಕಂಟ್ರೋಲರಿನ ಮಾದರಿಯನ್ನೂ, ಎಷ್ಟೋ ಸಲ ಮೆಮೊರಿಯ ವಿವರವನ್ನೂ ತಿಳಿಸುತ್ತದೆ. ಅದಕ್ಕೂ ಉತ್ತರ ಸಿಗದಿದ್ದರೆ ಚಿಪ್ಪು ಬಿಚ್ಚಿ, ಭೂತಗನ್ನಡಿ ಹಿಡಿದು, ಚಿಪ್ ಮೇಲಿನ ಅಕ್ಷರಗಳನ್ನೇ ಓದಬೇಕು.

ಮಾದರಿ ಗೊತ್ತಾದ ಮೇಲೆ ಅದೇ ಕಂಟ್ರೋಲರಿಗೆಂದು ಮಾಡಿದ ‘ಮಾಸ್ ಪ್ರೊಡಕ್ಷನ್ ಟೂಲ್’ ಬೇಕಾಗುತ್ತದೆ. ಕಾರ್ಖಾನೆಯಲ್ಲಿ ಸಾವಿರಾರು ಡ್ರೈವುಗಳಿಗೆ ಮೊದಲ ಸಲ ಜೀವ ತುಂಬುವುದು ಇದೇ ತಂತ್ರಾಂಶ. ಇದು ಮೆಮೊರಿಯನ್ನೆಲ್ಲ ಅಳಿಸಿ, ಬ್ಲಾಕುಗಳನ್ನು ಪರೀಕ್ಷಿಸಿ, ಕೆಟ್ಟವನ್ನು ಹೊಸದಾಗಿ ಗುರುತಿಸಿ, ಫರ್ಮ್‌ವೇರನ್ನು ಮರಳಿ ಬರೆಯುತ್ತದೆ. ನವಲಗುಂದದ ಹಿರಿಯರ ಡ್ರೈವಿನಲ್ಲಿ ಫೈಸನ್ ಕಂಟ್ರೋಲರ್ ಇತ್ತು. ಮೊದಲ ಎರಡು ಪ್ರಯತ್ನಗಳಲ್ಲಿ ಟೂಲ್ ಅದನ್ನು ಗುರುತಿಸಲೇ ಇಲ್ಲ. ಆಗ ಚಿಪ್ಪು ಬಿಚ್ಚಿ, ನಲವತ್ತೆಂಟು ಕಾಲಿನ ಮೆಮೊರಿ ಚಿಪ್‌ನ 29 ಮತ್ತು 30ನೆಯ ಕಾಲುಗಳನ್ನು ಸೂಜಿಯ ತುದಿಯಿಂದ ಕೂಡಿಸಿ ಹಿಡಿದು ಕಂಪ್ಯೂಟರಿಗೆ ಚುಚ್ಚಿದೆ. ಅವು ಮಾಹಿತಿ ಹರಿಯುವ ಕಾಲುಗಳು. ಅವು ಕೂಡಿದಾಗ ಕಂಟ್ರೋಲರಿಗೆ ಕೆಟ್ಟ ಫರ್ಮ್‌ವೇರನ್ನು ಓದಲಾಗದೆ, ಅದು ತನ್ನೊಳಗೆ ಶಾಶ್ವತವಾಗಿ ಕೊರೆದಿರುವ ಮೂಲ ಪಾಠಕ್ಕೆ ಮರಳುತ್ತದೆ. ಡ್ರೈವ್ ಕಾಣಿಸಿಕೊಂಡ ತಕ್ಷಣ ಸೂಜಿ ತೆಗೆದೆ, ಟೂಲ್ ಓಡಿಸಿದೆ. ಹೊಸದಿದ್ದಾಗ ಕಂಪ್ಯೂಟರಿನ ಲೆಕ್ಕದಲ್ಲಿ 14.9 ಜಿಬಿ ತೋರಿಸುತ್ತಿದ್ದಿರಬೇಕಾದ ಡ್ರೈವ್ ಈಗ 14.3 ತೋರಿಸುತ್ತಿದೆ, ಕೆಟ್ಟ ಮೂಲೆಗಳನ್ನು ಬಿಟ್ಟುಕೊಟ್ಟಿದೆ. ಬುಟ್ಟಿಗೆ ಬಿದ್ದಿದ್ದ ಅದರಲ್ಲಿ ಮೂರು ದಿನಗಳಿಂದ ಹಾಡು ನಡೆದಿವೆ.

ಇಲ್ಲಿ ಒಂದು ಮಾತನ್ನು ನಿಂತು ಹೇಳಲೇಬೇಕು. ಈ ಕೆಲಸದಲ್ಲಿ ಒಳಗಿನ ಮಾಹಿತಿ ಪೂರ್ತಿ ಅಳಿದುಹೋಗುತ್ತದೆ. ಗದಗಿನಲ್ಲಿ ಡಿಟಿಪಿ ಮಾಡುವ ನನ್ನ ಗೆಳೆಯರೊಬ್ಬರ ಬಳಿ, ಲಗ್ನಪತ್ರಿಕೆಯ ‘ನುಡಿ’ ತಂತ್ರಾಂಶದ ಫೈಲುಗಳು ಇದ್ದ ಡ್ರೈವ್ ಮುದ್ರಣಾಲಯಕ್ಕೆ ಒಯ್ಯುವ ದಿನವೇ ಕೈಕೊಟ್ಟಿತು. ಅದಕ್ಕೆ ಟೂಲ್ ಹಚ್ಚಬೇಡಿರೆಂದು ನಾನೇ ತಡೆದೆ. ಮಾಹಿತಿ ಬೇಕಿದ್ದರೆ ಮೊದಲು ಮಾಹಿತಿ ಮರಳಿ ಪಡೆಯುವವರ ಬಳಿಗೆ ಹೋಗಬೇಕು, ಡ್ರೈವಿನ ದುರಸ್ತಿ ಆಮೇಲಿನ ಮಾತು. ಹಾಗೆಯೇ, ಬರೆಯಲು ಬಿಡದೆ ಓದಲು ಮಾತ್ರ ಬಿಡುತ್ತಿರುವ ಡ್ರೈವ್, ಮೀಸಲು ಬ್ಲಾಕುಗಳು ಮುಗಿದು ತನ್ನನ್ನು ತಾನೇ ಬೀಗ ಹಾಕಿಕೊಂಡಿರಬಹುದು. ಅದರಿಂದ ಎಲ್ಲವನ್ನೂ ಕೂಡಲೇ ನಕಲು ಮಾಡಿಕೊಳ್ಳಿ. ಆದರೆ ಈ ಎಚ್ಚರಿಕೆಗಳಿಗೂ ಮೊದಲ ಹೆಜ್ಜೆ ಅದೇ: ಒಳಗೆ ಯಾವ ಕಂಟ್ರೋಲರ್ ಇದೆ, ಅದು ಏನು ಹೇಳುತ್ತಿದೆ ಎಂದು ಕೇಳುವುದು.

“ಮುನ್ನೂರು ರೂಪಾಯಿಯ ವಸ್ತುವಿಗೆ ಎರಡು ಗಂಟೆ ಏಕೆ ಹಾಳುಮಾಡುತ್ತೀರಿ” ಎಂದು ನನ್ನನ್ನು ಕೇಳುವವರಿದ್ದಾರೆ. ಈ ಪ್ರಶ್ನೆ ಕೇಳುವವರು ಕೊಪ್ಪೀಕರ್ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತ ಕಳೆಯುವ ಹೊತ್ತನ್ನು ಎಂದೂ ಲೆಕ್ಕ ಹಾಕಿದವರಲ್ಲ. ಕಂಟ್ರೋಲರಿನ ಹೆಸರು ಕೇಳಲು ಎರಡು ನಿಮಿಷ ಸಾಕು. ಉಳಿದ ಹೊತ್ತು ಟೂಲ್ ತಾನಾಗಿ ಓಡುತ್ತದೆ. ಮುನ್ನೂರು ರೂಪಾಯಿ ಎಂದರೆ ನವಲಗುಂದದ ಆ ಹಿರಿಯರಿಗೆ ಹೊಲದಲ್ಲಿ ದುಡಿದ ಹಣ ಎಂಬುದನ್ನು ಈ ಪ್ರಶ್ನೆ ಮರೆತಿದೆ.

“ಫರ್ಮ್‌ವೇರ್ ಮುಟ್ಟುವುದು ಅಪಾಯ, ವೈರಸ್ ಬರುತ್ತದೆ” ಎನ್ನುವವರು ಮತ್ತೊಂದು ಗುಂಪು. 2014ರಲ್ಲಿ ಕಾರ್ಸ್ಟೆನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು, ಯುಎಸ್‌ಬಿ ಸಾಧನದ ಫರ್ಮ್‌ವೇರನ್ನು ಬದಲಿಸಿ ಪೆನ್‌ಡ್ರೈವ್ ತಾನೊಂದು ಕೀಬೋರ್ಡ್ ಎಂದು ಹೇಳಿಕೊಳ್ಳುವಂತೆ ಮಾಡಬಹುದೆಂದು ತೋರಿಸಿದ್ದು ನಿಜ. ಅದೇ ವರ್ಷ ಬೇರಿಬ್ಬರು ಫೈಸನ್ನಿನ ಒಂದು ಕಂಟ್ರೋಲರಿಗೆ ಅಂತಹ ಕೋಡನ್ನು ಬಹಿರಂಗವಾಗಿಯೇ ಹಂಚಿದರು. ಹಾಗಾಗಿ ಟೂಲನ್ನು ಎಲ್ಲೆಲ್ಲಿಂದಲೋ ಇಳಿಸಿಕೊಂಡು ಬ್ಯಾಂಕಿನ ವ್ಯವಹಾರ ಮಾಡುವ ಕಂಪ್ಯೂಟರಿನಲ್ಲಿ ಓಡಿಸಬೇಡಿ, ಮೂಲೆಯಲ್ಲಿ ಬಿದ್ದಿರುವ ಹಳೆಯ ಕಂಪ್ಯೂಟರನ್ನು ಅದಕ್ಕಾಗಿ ಇಡಿ. ಆದರೆ ಅಪಾಯವಿದೆ ಎಂದು ವಿದ್ಯೆಯನ್ನೇ ಬಿಡುವುದಾದರೆ, ಆ ವಿದ್ಯೆ ಉಳಿಯುವುದು ಮೋಸಗಾರರ ಕೈಯಲ್ಲಿ ಮಾತ್ರ. ಇದನ್ನು ಬರಿಯ ಮಾತಿಗೆ ಹೇಳುತ್ತಿಲ್ಲ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ‘1 ಟಿಬಿ’ ಪೆನ್‌ಡ್ರೈವುಗಳನ್ನು ನೋಡಿ. ಒಳಗೆ 8 ಅಥವಾ 16 ಜಿಬಿ ಮೆಮೊರಿ ಇಟ್ಟು, ಇದೇ ಬಗೆಯ ಟೂಲಿನಿಂದ ಫರ್ಮ್‌ವೇರಿಗೆ ಸುಳ್ಳು ಗಾತ್ರ ಕಲಿಸಿರುತ್ತಾರೆ. ತುಂಬಿದ ಮೇಲೆ ಹಾಕಿದ ಮದುವೆ ಫೋಟೊಗಳೆಲ್ಲ ಶೂನ್ಯಕ್ಕೆ ಹೋಗುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಪೂರ್ತಿ ಬರೆದು, ಮರಳಿ ಓದಿ ಈ ಮೋಸವನ್ನು ಬಯಲಿಗೆಳೆಯುತ್ತದೆ. ಮಾಸ್ ಪ್ರೊಡಕ್ಷನ್ ಟೂಲ್ ಆ ಡ್ರೈವಿಗೆ ತನ್ನ ನಿಜವಾದ ಗಾತ್ರವನ್ನು ಹೇಳಲು ಕಲಿಸುತ್ತದೆ. ಮೋಸ ಮಾಡುವವನು ಕಂಟ್ರೋಲರಿನ ಹೆಸರು ಕೇಳಿ ಕೆಲಸ ಮಾಡುತ್ತಾನೆ, ಮೋಸಹೋದ ನಾವು ಕೇಳುವುದಿಲ್ಲ!

ಇನ್ನು ಕಸದ ಮಾತು. ದೇಶದಲ್ಲಿ ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅಂಗಡಿಯ ಆ ಬುಟ್ಟಿ ಮಾತ್ರ ಸಂಜೆ ಚಹಾದ ಕಪ್ಪುಗಳ ಜೊತೆಗೇ ಕಸದ ಗಾಡಿಗೆ ಹೋಗುತ್ತದೆ.

ದುರಸ್ತಿಯಾದ ಡ್ರೈವನ್ನು ನಂಬಬಹುದೇ ಎಂದು ಕೇಳುತ್ತೀರಿ. ಮನೆಯ ಪತ್ರಗಳ ಏಕೈಕ ಪ್ರತಿಯನ್ನು ಹೊಸ ಪೆನ್‌ಡ್ರೈವಿನಲ್ಲಿಯೂ ಇಡಬಾರದು, ಇದರಲ್ಲಿಯೂ ಇಡಬಾರದು. ಹಾಡಿಗೆ ಸಾಕು, ಭಜನೆಗೆ ಸಾಕು, ಡಿಟಿಪಿಯಿಂದ ಮುದ್ರಣಾಲಯಕ್ಕೆ ಒಂದು ಸಲ ಒಯ್ಯಲು ಸಾಕು. ಸಾಕಾಗುವುದಿಲ್ಲ ಎನ್ನುವವರು ಒಮ್ಮೆಯಾದರೂ ಕಂಟ್ರೋಲರಿನ ಹೆಸರು ಕೇಳಿ ನೋಡಿದ್ದಾರೆಯೇ? ನೋಡಿಲ್ಲ. ನೋಡದೆ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ, ಇಂದು ಮಾತ್ರವಲ್ಲ, ಎಂದಿಗೂ ಒಪ್ಪುವುದಿಲ್ಲ.

ಮುಂದಿನ ಭಾನುವಾರದ ಸಂಚಿಕೆಯಲ್ಲಿ ಸೂಜಿ ಹಿಡಿಯುವುದನ್ನು ಹತ್ತಿರದಿಂದ ಚಿತ್ರಿಸಿ ತೋರಿಸುತ್ತೇನೆ. ತಪ್ಪಬಾರದೆಂದರೆ ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿ, ಗಂಟೆಯ ಗುರುತನ್ನು ಒತ್ತಿಡಿ. ಆ ಮೊಬೈಲ್ ಅಂಗಡಿಗೆ ನಾಳೆ ಮತ್ತೆ ಹೋಗಲಿದ್ದೇನೆ. ನವಲಗುಂದದ ಹಿರಿಯರು ಶನಿವಾರ ಸಂತೆಗೆ ಬಂದಾಗ ಅಲ್ಲಿಗೆ ಬರುತ್ತೇನೆ ಎಂದಿದ್ದರು. ಅವರ ಡ್ರೈವ್ ನನ್ನ ಜೇಬಿನಲ್ಲಿದೆ. ಒಳಗಿನ ಕಂಟ್ರೋಲರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸಿದ್ದೇನೆ.