ಜಗಳ ಅವರ ಬಗೀಹರಿಸಿಕೊಳ್ಳಲಿ ಬಿಡ್ರಿ

ನಮಸ್ಕಾರ್ರೀ ಬಾಗಲಕೋಟಿ ಮಂದಿಗೆ! ಹೋದ ವಿಡಿಯೋಕ್ಕ ಒಬ್ರು ಕಮೆಂಟ್ ಹಾಕ್ಯಾರ: ‘ನಮ್ಮ ಹುಡುಗ ನವೋದಯ ಕೋಚಿಂಗಿಗೆ ಹೊಂಟಾನ. ಆಟಾ ಆಟಾ ಅಂತ ಹೇಳಿ ಕೆಡಸಬ್ಯಾಡ್ರಿ.’

ಅಲ್ರೀ, ಐದನೇ ಕ್ಲಾಸ್ ಹುಡುಗಗ ಮುಂಜಾನೆ ಕೋಚಿಂಗ್, ಹಗಲಿಗೆ ಸಾಲಿ, ಸಂಜಿಗೆ ಟ್ಯೂಷನ್. ಕೆಡಸಾಕ ಹತ್ತಿದವರು ಯಾರು?

ಲಗೋರಿ ನೋಡ್ರಿ. ಕಲ್ಲು ಬಿದ್ದುವು, ಹುಡುಗ್ರು ಓಡಿದ್ರು, ಚೆಂಡು ಬಂತು. ‘ಬಡೀತು!’ ‘ಬಡದಿಲ್ಲ!’ ಆಟಾ ನಿಂತು ಜಗಳ ಸುರು. ನಾವು ಓಡಿ ಹೋಗಿ ಬಿಡಸ್ತೀವಿ. ಬಿಡಸಬ್ಯಾಡ್ರಿ! ಮಿದುಳಿಗೆ ಖರೇ ಕೆಲಸ ಸಿಗೂದ ಅಲ್ಲಿ. ಸಿಟ್ಟು ತಡಕೋಬೇಕು, ಎದುರಿನವನ ಮಾರಿ ನೋಡಿ ಸುಳ್ಳೋ ಖರೇನೋ ತಿಳೀಬೇಕು, ಭಾಳ ಹಟಾ ಹಿಡದ್ರ ಆಟಾನ ಮುರೀತೈತಿ ಅಂತ ಲೆಕ್ಕಾ ಹಾಕಬೇಕು. ಇದನ್ನೆಲ್ಲಾ ನಡಸೂದು ಹಣಿ ಹಿಂದಿನ ಮಿದುಳು. ಅದು ಪೂರ್ತಿ ಬಲಿಯೂದು ಇಪ್ಪತ್ತು ದಾಟಿದ ಮ್ಯಾಲೆ.

ಕೆನಡಾದ ಲೆಥ್‌ಬ್ರಿಜ್ ವಿಶ್ವವಿದ್ಯಾಲಯದಾಗ ಸರ್ಜಿಯೋ ಪೆಲ್ಲಿಸ್ ಮತ್ತ ಅವರ ಜೋಡಿ ಇದ್ದವರು ಇಲಿಮರಿಗಳನ್ನ ಇಟಗೊಂಡು ನೋಡ್ಯಾರ. ವಾರಿಗಿ ಮರಿಗೋಳ ಜೋಡಿ ಆಡಿದ ಮರಿಯ ಮಿದುಳಿನ ಮುಂಭಾಗದಾಗ ನರಕೋಶದ ಹೆಚ್ಚುವರಿ ಟಿಸಿಲು ಉದುರಿ ಹದಾ ಆಗಿತ್ತು. ಬರೇ ದೊಡ್ಡ ಇಲಿ ಜೋಡಿ ಇಟ್ಟ ಮರಿಗೆ ಹಂಗ ಆಗಲಿಲ್ಲ. ಕೇಳಿದ್ರಿಲ್ಲ? ದೊಡ್ಡವರ ಜೋಡಿ ಇಟ್ರ ಆಗಲಿಲ್ಲ! ಇಲಿ ಬ್ಯಾರೆ, ಮನುಷ್ಯಾ ಬ್ಯಾರೆ ಅಂತೀರಿ? ಅನ್ರಿ. ನಿಮ್ಮ ಓಣಿ ಹುಡುಗ್ರನ್ನ ಒಂದು ತಾಸು ನಿಂತು ನೋಡಿ ಆಮ್ಯಾಲೆ ಅನ್ರಿ.

‘ನಾವು ಕ್ರಿಕೆಟ್ ಕೋಚಿಂಗಿಗೆ ಹಾಕೀವಿ’ ಅಂತಾರ ಇನ್ನ ಕೆಲವರು. ಟೀಮ್ ಹಂಚೂದು ಸರ್, ಔಟ್ ಅನ್ನೂದು ಸರ್, ಸಾಕು ಅನ್ನೂದೂ ಸರ್. ಹುಡುಗ ಏನ್ ತೀರ್ಮಾನ ಮಾಡಿದಾ? ಬ್ಯಾಟ್ ಹಿಡಿಯೂದು ಕಲೀತಾನ, ಒಪ್ತೀನಿ. ಜಗಳ ಬಗೀಹರಸೂದು ಯಾರ ಕಲಸ್ತಾರ?

ವಿಡಿಯೋ ಮನಸಿಗೆ ಹತ್ತಿದ್ರ ಸಬ್‌ಸ್ಕ್ರೈಬ್ ಮಾಡ್ರಿ, ಸಾಲಿ ಪಾಲಕರ ಗ್ರೂಪಿಗೆ ಹಾಕ್ರಿ. ಆ ಗ್ರೂಪಿಗೇ ಮೊದಲ ಹಾಕ್ರಿ!

ಆಟಾ ಮಕ್ಕಳ ಹಕ್ಕು ಅಂತ ವಿಶ್ವಸಂಸ್ಥೆಯ 1989ರ ಒಡಂಬಡಿಕಿ, 31ನೇ ಕಲಮಿನಾಗ ಐತಿ. 1992ರಾಗ ಭಾರತಾನೂ ಒಪ್ಪೈತಿ. ನಿಮ್ಮ ಮನ್ಯಾಗ ಯಾವಾಗ ಒಪ್ತೀರಿ? ನವನಗರದ ಸೆಕ್ಟರಿನಾಗ ಸಂಜಿ ಐದಕ್ಕ ಅಡ್ಡಾಡಿ ನೋಡ್ರಿ, ಖುಲ್ಲಾ ಜಾಗಾ ಐತಿ, ಹುಡುಗ್ರಿಲ್ಲ. ಬಿಡ್ರೀ ಹೊರಗ! ಬೀಳ್ತಾರ, ಮೊಣಕಾಲ ಕೆತ್ತಕೋತಾರ, ಏಳ್ತಾರ.

ಇವತ್ತ ಸಂಜಿಕ ಕಳಸ್ರಿ. ‘ಅವ ಡಾವ ಕೊಡವಲ್ಲ’ ಅಂತ ಅಳಕೋಂತ ಬಂದ್ರ ನೀವು ಹೋಗಬ್ಯಾಡ್ರಿ. ‘ಹೋಗಪಾ, ನೀನ ಮಾತಾಡು’ ಅನ್ರಿ. ಏನಾತು ಅಂತ ಕಮೆಂಟಿನಾಗ ಬರೀರಿ, ಎಲ್ಲಾ ಓದ್ತೀನಿ.